ಎಮ್ಮೆ ಸಗಣಿಗೆ ಪ್ರವೇಶವಿಲ್ಲ

ಒಲೆ ಹಚ್ಚುವ ಮುಂಚೆ ಬಗ್ಗಿ ಒಮ್ಮೆ ಮೂಸಿ ನೋಡುವುದು ನನ್ನ ಅಭ್ಯಾಸ. ಸಿಲಿಂಡರಿನ ಗ್ಯಾಸು ಸೋರುತ್ತಿದೆಯೇನೋ ಎಂಬ ಭಯದಿಂದಲ್ಲ. ಅಷ್ಟು ಭಯವಿದ್ದವಳು ಮೂಗನ್ನು ಅಲ್ಲಿಗೆ ಒಯ್ಯುತ್ತಿರಲಿಲ್ಲ. ಮನೆಗೆ ಬಂದ ನೆಂಟರು ಇದನ್ನು ಕಂಡು, ಇವರ ಕಡೆ ಒಲೆಗೆ ನಮಸ್ಕಾರ ಮಾಡುವ ಪದ್ಧತಿ ಇರಬೇಕು ಎಂದುಕೊಂಡು ಗೌರವದಿಂದ ಸುಮ್ಮನಾಗುತ್ತಾರೆ. ನಮ್ಮ ಯಜಮಾನರು ಮಾತ್ರ, 'ಏನು, ಇವತ್ತು ಹಸುವಿನದೋ ಎಮ್ಮೆಯದೋ?' ಎಂದು ಕೇಳಿ ಪೇಪರಿನ ಹಿಂದೆ ಮರೆಯಾಗುತ್ತಾರೆ. ನಲವತ್ತು ದಾಟಿದ ಮೇಲೂ ಬಿಡದ ಈ ಚಾಳಿ ನನಗೆ ಅಂಟಿದ್ದು ಪಿಯುಸಿ ಓದುವಾಗ. ಅಂಟಿಸಿದ್ದು ಭಾರತ ಸರ್ಕಾರ.

ಆಗಿನ್ನೂ ಎಂಬತ್ತರ ದಶಕ ಶುರುವಾಗಿತ್ತು. ಅಜ್ಜಂಪುರದಿಂದ ಬೀರೂರಿಗೆ ಹೋಗುವ ದಾರಿಯಲ್ಲಿ, ಬಸ್ಸಿನವರಿಗೆ ಮನಸ್ಸು ಬಂದರೆ ನಿಲ್ಲಿಸುವಂಥ ಊರು ನಮ್ಮದು. ಒಂದು ಪಹಣಿ ಬೇಕೆಂದರೂ ತರೀಕೆರೆಗೇ ಓಡಬೇಕಿತ್ತು. ಸರ್ಕಾರ ಅಷ್ಟು ದೂರದಲ್ಲಿದ್ದರೂ ನಮ್ಮ ಮನೆಯ ಜಗಲಿಯಲ್ಲಿ ಅದನ್ನು ದಿನವೂ ವಿಚಾರಣೆಗೆ ನಿಲ್ಲಿಸುತ್ತಿದ್ದರು. ಅಧ್ಯಕ್ಷತೆ ನಮ್ಮ ದೊಡ್ಡಪ್ಪನವರದು, ಅಂದರೆ ಅಪ್ಪನ ಅಣ್ಣ. ದೊಡ್ಡಪ್ಪನವರು ಮನೆಗೂ ಯಜಮಾನರು, ಜಗಲಿಗೂ ಯಜಮಾನರು. ಅವರಿಗೆ ಅಭಿಪ್ರಾಯವಿಲ್ಲದ ವಿಷಯವೊಂದನ್ನು ನಾನು ಇವತ್ತಿನವರೆಗೂ ಕಂಡುಹಿಡಿದಿಲ್ಲ.

ಸೈಕಲ್ಲಿಗೆ ಪಂಚಾಯಿತಿಯವರು ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದರಲ್ಲ, ದೊಡ್ಡಪ್ಪನವರು ಅದರ ಕಟ್ಟಾ ಬೆಂಬಲಿಗರು. 'ರಸ್ತೆ ಸವೀತದೋ ಇಲ್ವೋ? ಸವೆಸ್ದೋನು ಕೊಡ್ಬೇಕಪ್ಪಾ' ಎನ್ನುತ್ತಿದ್ದರು. ಅವರಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಅದೇ ರೇಡಿಯೋ ಲೈಸೆನ್ಸಿನ ಮಾತು ಬಂದರೆ, 'ಗಾಳೀಲಿ ಬರೋ ಹಾಡಿಗೂ ಕಾಸು ಕೇಳ್ತಾರಲ್ಲ, ಇವ್ರ ಮನೆ ಹಾಳಾಗ' ಎಂದು ಗುಡುಗುತ್ತಿದ್ದರು. ನಮ್ಮ ಮನೆಯಲ್ಲಿ ರೇಡಿಯೋ ಇತ್ತು. ಪೋಸ್ಟ್ ಆಫೀಸಿನಿಂದ ಯಾರಾದರೂ ಈ ಕಡೆ ಬರುತ್ತಿದ್ದಾರೆಂದು ಸುದ್ದಿ ಬಂದರೆ ಅದು ರಾಗಿ ಕಣಜದೊಳಗೆ ಹೋಗಿ ಕೂರುತ್ತಿತ್ತು. ಒಮ್ಮೆ ಆರಿಸುವುದನ್ನು ಮರೆತು, ಪೋಸ್ಟ್‌ಮ್ಯಾನ್ ಎದುರಿಗೇ ಕಣಜವು ಪ್ರದೇಶ ಸಮಾಚಾರ ಓದಿತು. ಅವನು ನಮ್ಮ ನೆಂಟನೇ ಆದ್ದರಿಂದ ಪೂರ್ತಿ ಕೇಳಿಸಿಕೊಂಡು ಹೋದ.

ಆಮೇಲೆ ಸೀಮೆ ಹಸು ಬಂತು. ಸಾಕಿ ಎಂದು ಸರ್ಕಾರ ಹೇಳಿತು. ಬೆನ್ನ ಮೇಲೆ ಹಿಣಿಲಿಲ್ಲದ ಹಸುವಿನ ಹಾಲು ಅಭಿಷೇಕಕ್ಕೆ ಆಗುತ್ತದೋ ಇಲ್ಲವೋ ಎಂದು ಜಗಲಿಯಲ್ಲಿ ಒಂದು ಬೇಸಿಗೆ ಪೂರ್ತಿ ಚರ್ಚೆಯಾಯಿತು. ಅಷ್ಟರಲ್ಲಿ ಆ ಹಸು ಎರಡು ಹೊತ್ತೂ ಬಕೆಟ್ಟು ತುಂಬಿಸತೊಡಗಿತು. ಚರ್ಚೆ ತಾನಾಗಿಯೇ ನಿಂತಿತು.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಜಗಲಿಯ ಈಚೆ ಗೋಡೆಗೆ ನಮ್ಮ ಅಡುಗೆಮನೆ. ಅಲ್ಲಿ ಅವ್ವ ಇರುತ್ತಿದ್ದಳು. ಜಗಲಿಯಲ್ಲಿ ಯಾವ ವಿಷಯಕ್ಕೆ ತೀರ್ಮಾನವಾದರೂ ಆಗದಿದ್ದರೂ ಒಳಗಿನಿಂದ ಕಾಫಿ ಬರಬೇಕಿತ್ತು. ಕಾಫಿಗೆ ಒಲೆ ಉರಿಯಬೇಕು, ಒಲೆಗೆ ನಮ್ಮಲ್ಲಿದ್ದದ್ದು ತೆಂಗಿನ ಗರಿ, ಮಟ್ಟೆ, ಸೋಗೆ. ಅದು ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಅವ್ವ ಊದುಗೊಳವೆ ಹಿಡಿದು ಕೂತರೆ ಕಣ್ಣು ಕೆಂಡವಾಗಿ, ಮುಖವೆಲ್ಲ ನೀರಾಗಿ, ಮದುವೆಯಾದ ದಿನದಿಂದ ಅಳುತ್ತಲೇ ಇದ್ದಾಳೇನೋ ಎನ್ನುವಂತೆ ಕಾಣುತ್ತಿದ್ದಳು. ಒಮ್ಮೆ ಎಡಗಣ್ಣು ಮಂಜಾಗಿ, ಅಕ್ಕಿಯೊಳಗಿನ ಕಲ್ಲು ಕಾಣದಾಯಿತು. ಅಪ್ಪ ತರೀಕೆರೆಗೆ ಕರೆದುಕೊಂಡು ಹೋದರು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಔಷಧ ಬರೆದುಕೊಟ್ಟು, 'ಇನ್ನು ಹೊಗೆ ಮುಂದೆ ಕೂತ್ರೆ ಈ ಕಣ್ಣು ಉಳಿಯಲ್ಲ, ನಾನಂತೂ ಹೇಳಿದೀನಿ' ಎಂದರಂತೆ. ಅವ್ವ ಸಾಯಂಕಾಲದ ಬಸ್ಸಿಗೆ ಮನೆಗೆ ಬಂದಳು. ಜಗಲಿಯಲ್ಲಿ ಜನ ಕೂತಿದ್ದರು. ಸೀರೆ ಬದಲಿಸಿ, ಒಲೆ ಮುಂದೆ ಕೂತು, ಎಲ್ಲರಿಗೂ ಕಾಫಿ ಮಾಡಿದಳು. ನನಗೆ ಈಗಲೂ ಆ ಸಂಜೆ ನೆನೆದರೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಹೇಳಲಾರೆ, ಏಕೆಂದರೆ ಕಾಫಿ ನಾನೂ ಕುಡಿದೆ.

ಇಂಥ ಹೊತ್ತಿನಲ್ಲಿ ಗ್ರಾಮಸೇವಕ ಮಂಜಪ್ಪ ಬಂದ. ಕಡೂರಿನ ಕಡೆಯ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದವನು, ಸರ್ಕಾರದ ಯೋಜನೆಗಳನ್ನು ಸ್ವತಃ ನಂಬುತ್ತಿದ್ದ. ಹಿತ್ತಿಲಲ್ಲಿ ಬಾವಿಯಂಥ ಒಂದು ಗುಂಡಿ, ಅದಕ್ಕೆ ಸಗಣಿ ನೀರು, ಮೇಲೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಡ್ರಮ್ಮು. ಒಳಗೆ ಗ್ಯಾಸು ಹುಟ್ಟಿದಂತೆ ಡ್ರಮ್ಮು ಮೇಲೇಳುತ್ತದೆ, ಪೈಪಿನಲ್ಲಿ ಗ್ಯಾಸು ಅಡುಗೆಮನೆಗೆ ಬರುತ್ತದೆ, ಹೊಗೆಯೇ ಇಲ್ಲ. ಹೀಗೆಂದು ಅವನು ಜಗಲಿಯಲ್ಲಿ ಕೂತು ವಿವರಿಸಿದ. ಅದಕ್ಕೆ ಗೋಬರ್ ಗ್ಯಾಸು ಎಂದು ಹೆಸರು, ಸರ್ಕಾರದ ಸಹಾಯಧನವೂ ಉಂಟು ಎಂದ.

ದೊಡ್ಡಪ್ಪನವರು ಎಲೆಯಡಿಕೆ ಉಗಿದು ಬಂದು ಕೂತರು. 'ಅಂದ್ರೆ ಸಗಣಿ ಗಾಳೀಲಿ ಅನ್ನ ಬೇಯಿಸ್ಕೊಂಡು ಉಣ್ಬೇಕು ಅಂತೀಯ?'

'ಯಜಮಾನ್ರೇ, ತಾವು ಹಣೇಗೆ ಹಚ್ಚಿರೋ ವಿಭೂತಿ ಯಾವುದ್ರಿಂದ ಆಗಿದ್ದು ಹೇಳಿ?'

ಗ್ರಾಮಸೇವಕ ಗೆದ್ದೇಬಿಟ್ಟ ಎಂದು ನಾನು ಬಾಗಿಲ ಹಿಂದೆ ಕುಣಿಯಲು ತಯಾರಾದೆ. ದೊಡ್ಡಪ್ಪನವರು ಯೋಚಿಸಿ ಹೇಳಿದರು: 'ಅದು ಸುಟ್ಟ ಸಗಣಿ ಕಣೋ. ಇದು ಕೊಳೆತ ಸಗಣಿ.'

ಅಲ್ಲಿಂದ ಊರು, ಉರಿದ ಮೇಲೆ ಇದೂ ಸುಟ್ಟದ್ದೇ ಎಂದು ಗ್ಯಾಸನ್ನು ಒಪ್ಪುವ ಸುಟ್ಟವರು, ಕೊಳೆತದ್ದು ಬೇಡವೆನ್ನುವ ಕೊಳೆತವರು ಎಂದು ಎರಡು ಪಕ್ಷವಾಯಿತು. ಅಪ್ಪ ಯಾವ ಪಕ್ಷದಲ್ಲೂ ಇರಲಿಲ್ಲ. ಅಣ್ಣನೆದುರು ಅಪ್ಪ ಬಾಯಿಬಿಟ್ಟದ್ದನ್ನು ಕಂಡವರು ಕಡಿಮೆ. ಅಂಥವರು ಒಂದು ದಿನ ಊಟಕ್ಕೆ ಕೂತಾಗ, 'ಅದನ್ನ ಕಟ್ಟಿಸ್ಬಿಡೋಣ ಅಣ್ಣ. ಇವಳ ಕಣ್ಣು ಹೋಗ್ತದೆ' ಎಂದರು. ತಮ್ಮನಿಗೆ ಮಾತು ಬರುತ್ತದೆಂಬ ಆಶ್ಚರ್ಯದಲ್ಲೇ ದೊಡ್ಡಪ್ಪನವರು ಹೂಂ ಎಂದುಬಿಟ್ಟರು.

ಡ್ರಮ್ಮು ಲಾರಿಯಲ್ಲಿ ಬಂತು. ಊರಿನ ಗಂಡಸರೆಲ್ಲ ಬಂದು ಗುಂಡಿ ನೋಡಿದರು. ಹೆಂಗಸರೆಲ್ಲ ಬಂದು ಒಲೆ ನೋಡಿದರು. ಗುಂಡಿ ನೋಡಿದವರು ವಾದ ಮಾಡುತ್ತಾ ಹೋದರು, ಒಲೆ ನೋಡಿದವರು ಮಾತಿಲ್ಲದೆ ಹೋದರು. ಕೆಲವು ವಾರ ಕಳೆದು ಡ್ರಮ್ಮು ಮೇಲೆದ್ದಿತು. ಪೈಪು ಉದ್ದವಾದ್ದರಿಂದ ಒಲೆಯ ಕಿವಿ ತಿರುಗಿಸಿದರೂ ಗ್ಯಾಸು ಬರಲು ಸ್ವಲ್ಪ ಹೊತ್ತು ಬೇಕಿತ್ತು. ಬಗ್ಗಿ ಮೂಸಿ, ವಾಸನೆ ಬಂತೆಂದರೆ ಕಡ್ಡಿ ಗೀರಬೇಕು. ಮೂಸುವ ಕೆಲಸ ನನಗೆ ಬಿತ್ತು. ಸಗಣಿ ಕಲಸುವ ಕೆಲಸವೂ ನನಗೇ ಬಿತ್ತು. ಬೆಳಿಗ್ಗೆ ಮೊಣಕೈವರೆಗೆ ಸಗಣಿ ಕಲಸಿ, ಸೋಪು ಸವೆಯುವಂತೆ ತೊಳೆದು, ತರೀಕೆರೆ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ನನ್ನ ವಾಸನೆಗೇ ಎಂದು ತೀರ್ಮಾನಿಸಿ, ಕಿಟಕಿಗೆ ಅಂಟಿ, ಯಾರನ್ನೂ ಮಾತಾಡಿಸದೆ ಕೂರುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ಸಹಪಾಠಿಯೊಬ್ಬಳು ಸಿಕ್ಕಿ, 'ನಿಂಗೆ ಭಾಳ ಜಂಬ ಅಂತಿದ್ವಿ ಕಣೇ' ಎಂದಳು. ಸಗಣಿಯಿಂದ ಜಂಬದವಳೆಂಬ ಹೆಸರು ಪಡೆದವಳು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಅವ್ವನ ಕಷ್ಟ ಮಾತ್ರ ತೀರಲಿಲ್ಲ, ಇಮ್ಮಡಿಯಾಯಿತು. ಕೊಳೆತವರ ಪಕ್ಷದವರು ನಮ್ಮ ಮನೆಗೆ ಬರುವುದನ್ನೇನೂ ಬಿಡಲಿಲ್ಲ. ಬಂದು, ಕೂತು, ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮುಂಚೆ 'ಇದು ಯಾವ ಒಲೇದು?' ಎಂದು ಕೇಳುತ್ತಿದ್ದರು. ಹಾಗಾಗಿ ಅವರಿಗೆ ಸೌದೆ ಒಲೆಯ ಕಾಫಿ, ಮಿಕ್ಕವರಿಗೆ ಗ್ಯಾಸಿನ ಕಾಫಿ. ದೊಡ್ಡಪ್ಪನವರ ಊಟ, ತಿಂಡಿ, ಕಾಫಿ ಎಲ್ಲವೂ ಸೌದೆ ಒಲೆಯದೇ. ಹೊಗೆ ಎಲ್ಲಿತ್ತೋ ಅಲ್ಲೇ ಇತ್ತು. ಅವ್ವ ನೀಲಿ ಉರಿಯನ್ನು ಒಂದು ಕಣ್ಣಲ್ಲಿ ನೋಡುತ್ತಾ ಇನ್ನೊಂದು ಕಣ್ಣಲ್ಲಿ ನೀರು ಸುರಿಸುತ್ತಿದ್ದಳು.

ಕೊನೆಗೆ ದೊಡ್ಡಪ್ಪನವರೇ ಒಂದು ಷರತ್ತು ಹಾಕಿದರು. ನಮ್ಮ ಮಠದ ಗುರುಗಳು ಪಾದಪೂಜೆಗೆ ನಮ್ಮ ಮನೆಗೆ ಬರುವವರಿದ್ದರು. ಅವರ ಪ್ರಸಾದ ಈ ಗ್ಯಾಸಿನಲ್ಲಿ ತಯಾರಾಗಲಿ. ಗುರುಗಳು ಒಪ್ಪಿದರೆ ಸೌದೆ ಒಲೆ ಕಿತ್ತು ಹಾಕುವುದು. ಇಲ್ಲದಿದ್ದರೆ ಗುಂಡಿಗೆ ಮಣ್ಣು. 'ಎರಡ್ರಲ್ಲಿ ಒಂದು. ಮನೇಲಿ ಎರಡೊಲೆ ಬ್ಯಾಡ' ಎಂದರು. ಅವ್ವ ಅವತ್ತಿನಿಂದ ದಿನ ಎಣಿಸಲು ಶುರುಮಾಡಿದಳು. ಗುರುಗಳಿಗಾಗಿ ಅಷ್ಟು ಭಕ್ತಿಯಿಂದ ಕಾದವರು ನಮ್ಮೂರಲ್ಲಿ ಬೇರೆ ಯಾರೂ ಇರಲಿಲ್ಲ.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಗುರುಗಳು ಬರಲು ಹದಿನೈದು ದಿನವಿದ್ದಾಗ ದೊಡ್ಡಪ್ಪನವರ ಕಣ್ಣಿಗೆ ನಮ್ಮ ಕೊಟ್ಟಿಗೆಯ ಎಮ್ಮೆಗಳು ಬಿದ್ದವು.

'ಲೇ ಪಾರಿ, ಎಮ್ಮೇದೂ ಕಲಸ್ತೀಯೇನೇ ಅದಕ್ಕೆ?'

'ಹೂಂ ದೊಡ್ಡಪ್ಪ. ಅದೇ ಜಾಸ್ತಿ ಇರೋದು.'

ಅವರು ಎದೆ ಹಿಡಿದುಕೊಂಡು ಕೂತರು. ಸಂಜೆ ಜಗಲಿಯಲ್ಲಿ ತುರ್ತು ಸಭೆ ಸೇರಿತು. ಹಸುವಿನ ಸಗಣಿ ಪವಿತ್ರ, ಸರಿ. ಎಮ್ಮೆ ಯಾವ ಲೆಕ್ಕ? ಯಮನ ಕಡೆಯದ್ದು. ಗುರುಗಳ ಪ್ರಸಾದಕ್ಕೆ ಯಮನ ಕಡೆಯ ಉರಿಯೇ? ಎಮ್ಮೆಯ ಹಾಲು, ಮೊಸರು, ತುಪ್ಪ ಎಲ್ಲ ಗುರುಗಳಿಗೆ ಬಡಿಸುತ್ತೇವಲ್ಲ ಎಂದು ಅಪ್ಪ ಕೇಳಿದರು. 'ಅದು ಮುಂದ್ಲಿಂದು ಕಣೋ, ಇದು ಹಿಂದ್ಲಿಂದು' ಎಂದು ಉತ್ತರ ಬಂತು. ಹಾಲು ಎಮ್ಮೆಯ ಯಾವ ಮುಂದುಗಡೆಯಿಂದ ಬರುತ್ತದೆಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಎಮ್ಮೆ ಸಗಣಿಗೆ ಪ್ರವೇಶವಿಲ್ಲವೆಂದು ತೀರ್ಮಾನವಾಯಿತು. ಹಾಗಾದರೆ ಸೀಮೆ ಹಸು? ಅದಕ್ಕೊಂದು ಉಪನಿಯಮ ಮಾಡಿದರು: ಅದರ ತಾಯಿ ನಾಟಿಯಾಗಿದ್ದರಿಂದ ನಡೆಯುತ್ತದೆ. ವಿಧಾನಸಭೆಯವರು ಬಂದು ಕಲಿಯಬೇಕಾದ್ದು ಎಷ್ಟೋ ಇತ್ತು ನಮ್ಮ ಜಗಲಿಯಲ್ಲಿ.

ಈಗಾಗಲೇ ಗುಂಡಿಯೊಳಗೆ ಸೇರಿಹೋಗಿದ್ದ ಎಮ್ಮೆಯದನ್ನು ಏನು ಮಾಡುವುದು? ಅದನ್ನು ಆರಿಸಿ ತೆಗೆಯಲಾಗದು. ಆದ್ದರಿಂದ ಪೂರ್ತಿ ಖಾಲಿ ಮಾಡುವುದೆಂದಾಯಿತು. ಗ್ರಾಮಸೇವಕ ಮಂಜಪ್ಪ ಟ್ರೈನಿಂಗಿಗೆ ಹೋಗಿದ್ದ, ಕೇಳಲು ಯಾರೂ ಇರಲಿಲ್ಲ; ಇದ್ದಿದ್ದರೂ ಕೇಳುತ್ತಿರಲಿಲ್ಲ ಎನ್ನಿ. ಊರಿನ ಗಟ್ಟಿ ಆಳುಗಳು ಸೇರಿ ಡ್ರಮ್ಮನ್ನು ಎತ್ತಿದರು. ಆಗ ಹೊರಬಂದ ವಾಸನೆಗೆ ಜಗಲಿಯ ಸಭೆ ಪಕ್ಕದ ಬೀದಿಗೆ ಸ್ಥಳಾಂತರವಾಯಿತು. ಬಗ್ಗಡವನ್ನೆಲ್ಲ ಬಕೆಟ್ಟಿನಲ್ಲಿ ಎತ್ತಿ ಹೊಲಕ್ಕೆ ಸಾಗಿಸಿ, ಗುಂಡಿ ತೊಳೆದು, ಗಂಜಲ ಚಿಮುಕಿಸಿ, ಹೊಸದಾಗಿ ಹಸುವಿನ ಸಗಣಿಯೊಂದನ್ನೇ ತುಂಬಿದರು. ನಮ್ಮ ಕೊಟ್ಟಿಗೆಯದು ಸಾಲದೆ ಊರಿನ ಮನೆಮನೆಯಿಂದ ಬಂತು. ಗುರುಗಳ ಸೇವೆಯೆಂದು ಜನ ಮಂಕರಿಯಲ್ಲಿ ಹೊತ್ತು ತಂದು, ಕೈಮುಗಿದು ಸುರಿದರು. ಒಬ್ಬರು ಮಂಕರಿಗೆ ಅರಿಶಿನ ಕುಂಕುಮವನ್ನೂ ಹಚ್ಚಿದ್ದರು.

ಡ್ರಮ್ಮು ವಾಪಸು ಕೂತಿತು. ಕೂತದ್ದು ಕೂತೇ ಇತ್ತು.

ನಾನು ದಿನಾ ಬೆಳಿಗ್ಗೆ ಒಲೆಯ ಕಿವಿ ತಿರುಗಿಸಿ ಮೂಸುತ್ತಿದ್ದೆ. ಏನೂ ಇಲ್ಲ. ಅವ್ವನೂ ಬಂದು ಮೂಸುತ್ತಿದ್ದಳು. ಏನೂ ಇಲ್ಲ. 'ಶುದ್ಧವಾದದ್ದು ನಿಧಾನವಾಗೇ ಬರೋದು' ಎಂದರು ದೊಡ್ಡಪ್ಪನವರು. ನಾನಾದರೋ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದವಳು, ಬ್ಯಾಕ್ಟೀರಿಯಾದ ಚಿತ್ರ ಬರೆದು ಬಣ್ಣ ತುಂಬಿ ಲೆಕ್ಚರರ ಕೈಯಲ್ಲಿ ಶಭಾಷ್ ಅನ್ನಿಸಿಕೊಂಡವಳು. ಆ ಬ್ಯಾಕ್ಟೀರಿಯಾ ಪುಸ್ತಕದಿಂದ ಎದ್ದು ನಮ್ಮ ಹಿತ್ತಿಲಿಗೂ ಬಂದಿರಬಹುದೆಂಬ ಅನುಮಾನ ಸಹ ನನಗೆ ಬರಲಿಲ್ಲ. ಅದು ಇರುವುದು ಪರೀಕ್ಷೆಯಲ್ಲಿ ಮಾತ್ರ ಎಂದು ನನ್ನ ತಿಳುವಳಿಕೆ.

ಗುರುಗಳು ಬರುವ ಹಿಂದಿನ ದಿನ ಮಂಜಪ್ಪ ಟ್ರೈನಿಂಗ್ ಮುಗಿಸಿ ಬಂದ. ನಡೆದದ್ದನ್ನು ಕೇಳಿ ಗುಂಡಿಯ ಕಟ್ಟೆಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತ. 'ಎಂಥ ಕೆಲ್ಸ ಮಾಡಿದ್ರಿ ಯಜಮಾನ್ರೇ! ಗ್ಯಾಸು ಮಾಡೋದೇ ಒಳಗಿದ್ದ ಹುಳ. ಅದನ್ನೆಲ್ಲ ತೊಳೆದು ಹೊಲಕ್ಕೆ ಹಾಕ್ಬಿಟ್ಟಿದೀರಲ್ಲ!'

'ಹುಳಾನಾ? ಅದ್ರಲ್ಲಿ ಹುಳ ಬೇರೆ ಇತ್ತಾ?' ದೊಡ್ಡಪ್ಪನವರು ಮುಖ ಕಿವುಚಿದರು. 'ಸದ್ಯ, ತೊಳೆಸಿದ್ದೇ ಒಳ್ಳೇದಾಯ್ತು.'

ಹೊಸದಾಗಿ ಗ್ಯಾಸು ಹುಟ್ಟಲು ಇನ್ನೂ ವಾರಗಟ್ಟಲೆ ಬೇಕೆಂದು ಮಂಜಪ್ಪ ಹೇಳಿದ. ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಹೋಗಿ ಸೌದೆ ಒಲೆಯ ಬೂದಿ ತೆಗೆದಳು.

ಮಾರನೆಯ ದಿನ ಊರಿಗೆ ಊರೇ ನಮ್ಮ ಮನೆಯಲ್ಲಿತ್ತು. ಹಿಂದಿನ ದಿನ ಮಳೆ ಬಂದು ಗರಿಯೆಲ್ಲ ತೊಯ್ದಿತ್ತು. ಅಡುಗೆಮನೆಯಲ್ಲಿ ಪಾಯಸದ ಹಂಡೆ ಕಾಣದಷ್ಟು ಹೊಗೆ. ಅವ್ವನ ಎಡಗಣ್ಣು ಊದಿಕೊಂಡು ಮುಚ್ಚಿಹೋಗಿತ್ತು. ಗುರುಗಳು ಬಂದರು, ಪಾದಪೂಜೆಯಾಯಿತು. ಅವರು ಕೆಮ್ಮಿ, ಸೂರಿನ ಕಡೆ ನೋಡಿ, 'ಗ್ಯಾಸು ಹಾಕ್ಸಿದೀರಿ ಅಂತ ಕೇಳಿದ್ವಿ. ಇದೇನು ಇಷ್ಟು ಹೊಗೆ?' ಎಂದರು.

ದೊಡ್ಡಪ್ಪನವರು ಕೈಕಟ್ಟಿಕೊಂಡು ಗುಂಡಿಯ ಶುದ್ಧೀಕರಣದ ವೃತ್ತಾಂತವನ್ನು ಗಂಜಲ ಚಿಮುಕಿಸಿದ್ದರ ಸಮೇತ ಅರಿಕೆ ಮಾಡಿದರು. ಗುರುಗಳು ನಗು ತಡೆಯಲಾರದೆ ಶಾಲಿನ ತುದಿಯಲ್ಲಿ ಬಾಯಿ ಮುಚ್ಚಿಕೊಂಡರು.

'ಮಠದಲ್ಲೂ ಇದೆಯಲ್ಲಪ್ಪಾ ಗೋಬರ್ ಗ್ಯಾಸು. ಎರಡು ವರ್ಷದಿಂದ ದಾಸೋಹದ ಅಡುಗೆ ಅದ್ರಲ್ಲೇ ನಡೀತಿರೋದು. ನೀವೂ ಉಂಡಿದೀರಲ್ಲ?'

'ಉಂಡಿದೀವಿ ಬುದ್ಧಿ' ಎಂದರು ದೊಡ್ಡಪ್ಪನವರು. ದನಿ ಸಣ್ಣಗಾಗಿತ್ತು.

'ಗಾಡಿ ಕಟ್ಕೊಂಡು ಬಾ. ನಮ್ಮ ಗುಂಡಿಯದು ಬಗ್ಗಡ ಕೊಡಿಸ್ತೀವಿ. ಹಾಲಿಗೆ ಹೆಪ್ಪು ಹಾಕೋ ಹಾಗೆ ನಿನ್ನ ಗುಂಡಿಗೆ ಸೇರಿಸು. ಬೇಗ ಬರ್ತದೆ.'

'ಅಪ್ಪಣೆ ಬುದ್ಧಿ!'

ಇಷ್ಟು ನಡೆಯುವಾಗ ನಾನು ಅಡುಗೆಮನೆಯಲ್ಲಿದ್ದೆ. ಪ್ರಸಾದದ ಉಸ್ತುವಾರಿಗೆ ಮಠದಿಂದ ಬಂದಿದ್ದ ಅಡುಗೆಯ ಬಸಯ್ಯನವರು ಅವ್ವನ ಕಣ್ಣು ನೋಡಿ ಮರುಗಿ, ಒಲೆ ಮುಂದಿನಿಂದ ಅವಳನ್ನು ಎಬ್ಬಿಸಿ ತಾವು ಕೂತಿದ್ದರು. ಊದುತ್ತಾ ಊದುತ್ತಾ ಹೇಳಿದರು: 'ನಮ್ ಮಠದ ಉರಿ ನೀನು ನೋಡ್ಬೇಕು ತಾಯಿ. ಭುಸ್ ಅಂತ ಬತ್ತದೆ. ಬರೀ ಸಗಣಿಗೆ ಹಂಗೆ ಬರಾಕಿಲ್ಲ. ಹಾಸ್ಟೆಲ್ ಹುಡುಗ್ರ ಕಕ್ಕಸಿನ ಪೈಪೂ ಅದಕ್ಕೇ ಸೇರ್ಸಿದೀವಿ ನೋಡು, ಅದಕ್ಕೇ.'

ಅವ್ವನ ಕೈಯಲ್ಲಿದ್ದ ಸೌಟು ನಿಂತಿತು. ಅವಳು ತೆರೆದಿದ್ದ ಒಂದೇ ಕಣ್ಣಲ್ಲಿ ನನ್ನನ್ನು ನೋಡಿದಳು. ಗೋಡೆಯಾಚೆಯಿಂದ ದೊಡ್ಡಪ್ಪನವರ ದನಿ ಕೇಳುತ್ತಿತ್ತು. ನಾಳೆಯೇ ಗಾಡಿ ಕಟ್ಟುವುದಾಗಿ ಎಲ್ಲರಿಗೂ ಸಾರುತ್ತಿದ್ದರು. ಬಸಯ್ಯನವರು ಪಾತ್ರೆ ಹೊತ್ತು ಆಚೆ ಹೋದ ಮೇಲೆ ಅವ್ವ ನನ್ನ ರಟ್ಟೆ ಹಿಡಿದು ಮೂಲೆಗೆ ಎಳೆದಳು. 'ಬಾಯಿ ಬಿಟ್ಟೀಯ, ಜೋಕೆ. ನಿಮ್ ದೊಡ್ಡಪ್ಪಂಗೆ ಇದು ಗೊತ್ತಾಯ್ತೋ, ನನ್ ಕಣ್ಣು ಹೋಯ್ತು ಅಂತ್ಲೇ ತಿಳ್ಕೋ.' ಅವ್ವ ಅಷ್ಟು ಗಟ್ಟಿಯಾಗಿ ಏನನ್ನಾದರೂ ಬಯಸಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

ಮರುದಿನವೇ ಗಾಡಿ ಹೋಯಿತು. ಅಪ್ಪ ಹೋಗುತ್ತೇನೆಂದರೂ ದೊಡ್ಡಪ್ಪನವರು ಬಿಡಲಿಲ್ಲ. ಸ್ನಾನ ಮಾಡಿ, ಹಣೆಗೆ ಮೂರು ಬೆರಳು ವಿಭೂತಿ ಬಳಿದು, ಮಡಿ ಪಂಚೆಯುಟ್ಟು ತಾವೇ ಗಾಡಿ ಹತ್ತಿದರು. ಸಂಜೆಗೆ ಪೀಪಾಯಿಗಳು ಬಂದವು. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಒಂದರ ಕೊರಳಿಗೆ ಮಠದ ಗದ್ದುಗೆಯಿಂದ ತಂದ ಚೆಂಡುಹೂವಿನ ಹಾರ. ದೊಡ್ಡಪ್ಪನವರು ಗಾಡಿಯ ಪಕ್ಕದಲ್ಲಿ ಬರಿಗಾಲಲ್ಲಿ ನಡೆದು ಬಂದರು. ಕೊಳೆತವರ ಪಕ್ಷದವರೆಲ್ಲ ಬೀದಿಯಲ್ಲಿ ಸಾಲಾಗಿ ನಿಂತಿದ್ದರು. ಕೆಲವರು ಪೀಪಾಯಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನನಗೆ ಕೂಗಿ ಹೇಳಬೇಕೆನ್ನಿಸಿತು. ಅವ್ವ ಹಿಂದಿನಿಂದ ನನ್ನ ಜಡೆ ಹಿಡಿದುಕೊಂಡಿದ್ದಳು.

ಬಗ್ಗಡವನ್ನು ಗುಂಡಿಗೆ ಸುರಿದ ಕೆಲವೇ ದಿನಗಳಲ್ಲಿ ಡ್ರಮ್ಮು ಎದ್ದಿತು. ಸಿಕ್ಕಾಪಟ್ಟೆ ಎದ್ದಿತು. ಬಸಯ್ಯನವರು ಹೇಳಿದಂತೆ ಭುಸ್ಸೆಂದು ಉರಿ ಬಂತು. ಅಪ್ಪ ಹಾರೆ ತಂದು ಸೌದೆ ಒಲೆಯನ್ನು ಅಗೆದು ಹಾಕಿದರು. ಜಗಲಿಯಲ್ಲಿ ಎರಡೂ ಪಕ್ಷದವರು ಕೂತಿದ್ದರು. ಒಂದೇ ಒಲೆಯಲ್ಲಿ ಆದ ಕಾಫಿಯನ್ನು ನಾನು ತಟ್ಟೆಯಲ್ಲಿಟ್ಟು ಒಯ್ದೆ. ಯಾರೂ ಯಾವ ಒಲೆಯದೆಂದು ಕೇಳಲಿಲ್ಲ. ದೊಡ್ಡಪ್ಪನವರು ಮೊದಲ ಗುಟುಕು ಕುಡಿದು, ಬಾಯಿ ಚಪ್ಪರಿಸಿ, ಕಣ್ಣು ಮುಚ್ಚಿದರು.

'ಎಷ್ಟೇ ಆಗ್ಲಿ ಮಠದ್ದು ಕಣ್ರಪ್ಪಾ. ರುಚೀನೇ ಬ್ಯಾರೆ. ಲೇ ಪಾರಿ, ನಿಮ್ಮವ್ವಂಗೆ ಹೇಳು, ಇನ್ನರ್ಧ ಲೋಟ ಹಾಕ್ಲಿ.'

ಖಾಲಿ ಲೋಟ ಹಿಡಿದು ಒಳಗೆ ಓಡಿದೆ. ಅವ್ವನಿಗೆ ಕೇಳಿಸಿಬಿಟ್ಟಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು, ಗೋಡೆಗೆ ಒರಗಿ, ಮೈಯೆಲ್ಲ ಕುಲುಕುವಂತೆ ನಗುತ್ತಿದ್ದಳು. ಎರಡೂ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಹೊಗೆಯಿಲ್ಲದೆ ಅವ್ವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.